ಅಮ್ಮ ಬಿದ್ದರೆ ಸೆನ್ಸರ್‌ಗೆ ಗೊತ್ತಾಗುತ್ತಾ?

"ಈ ವಾಚ್ ಕಟ್ಟಿದರೆ ಸಾಕು, ಹಿರಿಯರು ಬಿದ್ದ ಕೂಡಲೇ ಆಂಬುಲೆನ್ಸ್ ಬರುತ್ತದೆ" ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಅಪ್ಪ-ಅಮ್ಮ ಇಬ್ಬರೇ ಇದ್ದು, ಮಕ್ಕಳು ಅಮೆರಿಕದಲ್ಲಿದ್ದರೆ ಇದನ್ನು ನಂಬಬೇಕು ಅನ್ನಿಸುವುದು ಸಹಜ. ಆದರೆ ಇದು ಅರ್ಧ ಮಾತ್ರ ನಿಜ.

ಮೊದಲು ವಾಚ್. ಕೈಯ ಚಲನೆ ಹಠಾತ್ತನೆ ಬದಲಾಗುವುದನ್ನು ಅದರ ಸೆನ್ಸರ್ ಅಳೆಯುತ್ತದೆ. ಆಪಲ್ ವಾಚ್‌ನಲ್ಲಿ ಈ ಸೌಲಭ್ಯ 2018ರಲ್ಲಿ ಬಂತು. ಜೋರಾಗಿ ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದು ತುರ್ತು ಕರೆ ಮಾಡಲು ಯತ್ನಿಸುತ್ತದೆ. ಗೋಡೆ ಹಿಡಿದು ಮೆಲ್ಲಗೆ ಕುಸಿದರೆ ಗೊತ್ತಾಗದೆಯೂ ಹೋಗಬಹುದು. ಇನ್ನು ನಮ್ಮ ಹಿರಿಯರು ವಾಚ್ ಬಿಚ್ಚಿಡುವುದೇ ಸ್ನಾನಕ್ಕೆ ಹೋಗುವಾಗ. ನೆಲ ಒದ್ದೆ ಇರುವುದೂ ಅಲ್ಲೇ!

ಗೋಡೆಗೆ ಅಂಟಿಸುವ ಪುಟ್ಟ ಡಬ್ಬಿಯಲ್ಲಿ ಗುಟ್ಟಾಗಿ ಕ್ಯಾಮೆರಾ ಇರುತ್ತದೆ ಎಂಬ ಭಯವೂ ಇದೆ. ಪಿಐಆರ್ ಎಂಬ ಸಾಮಾನ್ಯ ಚಲನೆ ಸೆನ್ಸರ್ ಚಿತ್ರ ತೆಗೆಯುವುದಿಲ್ಲ. ಮೈಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದಷ್ಟೇ ಅದಕ್ಕೆ ತಿಳಿಯುತ್ತದೆ. ಹಾಗಾಗಿ ನೆಲದ ಮೇಲೆ ಅಲುಗಾಡದೆ ಬಿದ್ದವರೂ ಖಾಲಿ ಕೋಣೆಯೂ ಅದಕ್ಕೆ ಒಂದೇ.

ಮತ್ತೆ ಪ್ರಯೋಜನವೇನು? ಇದು ಹುಡುಕುವುದು ಬೀಳುವುದನ್ನಲ್ಲ, ದಿನಚರಿ ತಪ್ಪುವುದನ್ನು. ಜಪಾನಿನ ಜೊಜಿರುಶಿ ಕಂಪನಿ 2001ರಲ್ಲೇ ಇಂಥ ಬಿಸಿನೀರಿನ ಕೆಟಲ್ ತಂದಿತ್ತು. ಹಿರಿಯರು ಚಹಾಕ್ಕೆ ನೀರು ಬಗ್ಗಿಸಿಕೊಂಡರೆ, ಅದರ ಮಾಹಿತಿ ದೂರದ ಮಕ್ಕಳಿಗೆ ಹೋಗುತ್ತಿತ್ತು. ನಮ್ಮಲ್ಲೂ ಹಾಗೆಯೇ: ದಿನಾ ಆರಕ್ಕೆ ಕಾಫಿ ಮಾಡುವ ಅಮ್ಮ ಏಳಾದರೂ ಅಡುಗೆಮನೆಗೆ ಬಾರದಿದ್ದರೆ ಮಗನ ಫೋನಿಗೆ ಸಂದೇಶ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದರೂ ಅದೇ ಸಂದೇಶ ಬರುತ್ತದೆ. ಕರೆಂಟ್ ಹೋಗಿ ವೈಫೈ ನಿಂತರೆ ಯಾವ ಸಂದೇಶವೂ ಬರದಿರಬಹುದು, ಆದ್ದರಿಂದ ರೂಟರ್‌ಗೆ ಯುಪಿಎಸ್ ಬೇಕು.

ಈ ಒಂದು ಗಂಟೆ ಯಾಕೆ ಮುಖ್ಯ ಅಂದರೆ, ಬಿದ್ದವರು ಏಳಲಾಗದೆ ಹೆಚ್ಚು ಹೊತ್ತು ನೆಲದಲ್ಲೇ ಇದ್ದರೆ ಒತ್ತಡಕ್ಕೆ ಸ್ನಾಯು ಹಾಳಾಗಿ, ಅದರಿಂದ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮೂಳೆ ಮುರಿಯದಿದ್ದರೂ ಅಪಾಯ ತಪ್ಪಿದ್ದಲ್ಲ.

ಸಂದೇಶ ಅಮೆರಿಕಕ್ಕೆ ತಲುಪಿತು. ಬಾಗಿಲು ತೆಗೆಯುವವರು ಯಾರು? ನಮ್ಮ ಪ್ರಕಾರ ಸೆನ್ಸರ್ ಕೊಳ್ಳುವ ಮೊದಲು ಇತ್ಯರ್ಥ ಆಗಬೇಕಾದ್ದು ಇದೇ. ಹೆಬ್ಬಾಳದ ಟ್ರಾಫಿಕ್ ದಾಟಿ ಬರುವ ನೆಂಟರಿಗಿಂತ ಪಕ್ಕದ ಮನೆಯವರ ಬಳಿ ಒಂದು ಕೀಲಿ ಇರಲಿ. ಒಳಗಿನಿಂದ ಚಿಲಕ ಹಾಕಿದ್ದರೆ ಆ ಕೀಲಿಯೂ ಕೆಲಸಕ್ಕೆ ಬಾರದು, ಹೊರಗಿನಿಂದಲೂ ತೆಗೆಯಬಹುದಾದ ಬೀಗ ಹಾಕಿಸಿ. ಇಷ್ಟೆಲ್ಲ ಮಾಡುವಾಗ ಅಪ್ಪ-ಅಮ್ಮನನ್ನು ಕೇಳಿಯೇ ಮಾಡಿ. ತಾವು ಎಷ್ಟು ಸಲ ಬಚ್ಚಲಿಗೆ ಹೋದೆವು ಎಂದು ಮಗ ಎಣಿಸುವುದು ಯಾರಿಗೆ ಇಷ್ಟ?

ಇನ್ನೊಂದು ವಿಷಯ. ಹಿರಿಯರ ಸಹಾಯವಾಣಿ 14567 ಅನ್ನು ತುರ್ತು ಸಂಖ್ಯೆ ಎಂದು ಫಾರ್ವರ್ಡ್ ಮಾಡಬೇಡಿ. ಅದು ಸಲಹೆ ಮತ್ತು ನೆರವಿಗೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಅಮ್ಮ ಬಿದ್ದಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ.