ಕಥೆಯ ಬಿಸಿ ಎಷ್ಟು ದಿನ?

ಧಾರಾವಾಹಿಯ ನಾಯಕಿಯ ಕಷ್ಟಕ್ಕೆ ಮರುಗಿ, ಮುಂದಿನ ಸಂಚಿಕೆ ಬರುವವರೆಗೂ ನಿಟ್ಟುಸಿರಿಡುವ ಓದುಗರು ಯಾವ ಮನೆಯಲ್ಲಿಲ್ಲ? ಆದರೆ ಬತ್ತಿದ ನದಿಯ ಕಥೆಯನ್ನೋದಿದವರ ಮನಸ್ಸು ನಿಜವಾಗಿ ಬದಲಾಗುವುದೆ? ಬದಲಾದರೆ ಎಷ್ಟು ದಿನ ಹಾಗೆಯೇ ಉಳಿದೀತು? ಊಹೆಗೆ ಬಿಟ್ಟಿದ್ದ ಈ ಪ್ರಶ್ನೆಯನ್ನು ಅಳೆದೇ ನೋಡಹೊರಟ ವಿದ್ವಾಂಸರುಂಟು.

ಅವರಲ್ಲೊಬ್ಬರು ಮ್ಯಾಥ್ಯೂ ಷ್ನೈಡರ್-ಮೇಯರ್ಸನ್. ಹವಾಮಾನದ ವೈಪರೀತ್ಯವೇ ವಸ್ತುವಾಗಿದ್ದ 19 ಕೃತಿಗಳಲ್ಲಿ ಯಾವುದಾದರೊಂದನ್ನು ಓದಿದ್ದ 161 ಮಂದಿ ಅಮೆರಿಕನ್ನರನ್ನು ಪ್ರಶ್ನಿಸಿ, 2018ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಇಂಥ ಪುಸ್ತಕವನ್ನು ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಮೊದಲೇ ಆ ವಿಷಯದಲ್ಲಿ ಕಳವಳಗೊಂಡವರು. ಆ ಕಳವಳಕ್ಕೆ ಕಥೆ ಕಣ್ಣಿಗೆ ಕಟ್ಟುವ ರೂಪವನ್ನು ಕೊಟ್ಟಿತ್ತು. ಆದರೆ ಬಹುಮಂದಿಯಲ್ಲಿ ಮೂಡಿದ ಭಾವ ದುಃಖ, ಭೀತಿ, ಅಸಹಾಯಕತೆ. ಕೈಕಟ್ಟಿ ಕುಳ್ಳಿರಿಸುವ ಭೀತಿಯಿಂದ ಕಾರ್ಯಕ್ಕೆ ಹಾನಿಯೇ ಆದೀತೆಂದು ಅವರು ಎಚ್ಚರಿಸಿದರು.

ಮೊದಲೇ ಒಲಿದವರನ್ನು ಕೇಳಿ ಕಥೆಯ ಶಕ್ತಿಯನ್ನು ಅಳೆಯುವುದೆಂತು? ಆದುದರಿಂದ ಮುಂದೆ ಅವರೂ ಯೇಲ್ ವಿಶ್ವವಿದ್ಯಾನಿಲಯದ ಆಂಥನಿ ಲೈಸರೊವಿಟ್ಸ್ ಮೊದಲಾದವರೂ ಸೇರಿ, ಓದುಗರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ ಪ್ರಯೋಗ ನಡೆಸಿದರು. ಕೆಲವರಿಗೆ ಪಾವೊಲೊ ಬಾಚಿಗಲೂಪಿಯವರ 'ದಿ ಟ್ಯಾಮರಿಸ್ಕ್ ಹಂಟರ್'. ಕೆಲವರಿಗೆ ಹೆಲೆನ್ ಸಿಂಪ್ಸನ್ನರ ವಿಮಾನಪ್ರಯಾಣದ ಕಥೆ. ಉಳಿದವರಿಗೆ ಹವಾಮಾನದ ಸೋಂಕೇ ಇಲ್ಲದ ಕಥೆ. ಮೊದಲನೆಯದಂತೂ ಸೊಗಸಾದ ಕಥೆ. ಕೊಲೊರಾಡೊ ನದಿಯ ನೀರು ಕಾನೂನಿನ ಬಲದಿಂದ ಕ್ಯಾಲಿಫೋರ್ನಿಯದ ಪಾಲಾಗಿದೆ. ದಡದಲ್ಲಿ ನೀರು ಹೀರುವ ಮರಗಳನ್ನು ಕಡಿದು, ಕೂಲಿಯಾಗಿ ಹಣದೊಡನೆ ನೀರನ್ನೂ ಪಡೆದು ಬದುಕುವ ಲೋಲೊ, ಕೆಲಸ ಮುಗಿದುಹೋದೀತೆಂಬ ಭಯದಿಂದ ಅದೇ ಮರಗಳನ್ನು ಗುಟ್ಟಾಗಿ ನೆಡುತ್ತಾನೆ! ಹೊಟ್ಟೆಪಾಡಿನ ಈ ಕಪಟವನ್ನು ಯಾವ ವರದಿಯ ಅಂಕಿಸಂಖ್ಯೆ ತಿಳಿಸೀತು?

ಓದಿ ಮುಗಿಸಿದೊಡನೆ ಕೇಳಿದಾಗ, ಹವಾಮಾನದ ಕಥೆಯನ್ನೋದಿದವರ ಅಭಿಪ್ರಾಯಗಳು ಅಲ್ಪವಾಗಿಯಾದರೂ ನಿಶ್ಚಿತವಾಗಿ ಬದಲಾಗಿದ್ದವು. ಒಂದು ತಿಂಗಳ ಬಳಿಕ ಮತ್ತೆ ಕೇಳಿದಾಗಲೋ, ಆ ವ್ಯತ್ಯಾಸ ಲೆಕ್ಕಕ್ಕೆ ಸಿಗದಷ್ಟು ಕರಗಿಹೋಗಿತ್ತು. 2020ರಲ್ಲಿ ಇದು ಪ್ರಕಟವಾಯಿತು.

ಕಥೆಗಾರರು ಇದರಿಂದ ಎದೆಗುಂದಬೇಕಾದುದಿಲ್ಲ. ಒಬ್ಬೊಬ್ಬರಿಗೆ ಓದಿಸಿದ್ದು ಒಂದೇ ಸಣ್ಣ ಕಥೆ, ಅದೂ ಒಂದೇ ಸಲ. ವಾರವಾರವೂ ಬಾಗಿಲಿಗೆ ಬಂದು, ಮನೆಮಂದಿಯೆಲ್ಲ ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಓದಿ, ಅಡುಗೆಮನೆಯವರೆಗೂ ಚರ್ಚೆ ಹಬ್ಬಿಸುವ ಕಥೆಯ ಪರಿಣಾಮವನ್ನು ಆ ಪ್ರಯೋಗ ಅಳೆದಿರಲಿಲ್ಲ.