ಒಂದೇ ಖಾತೆ, ಎರಡು ಎಟಿಎಂ

ಜಂಟಿ ಖಾತೆಯಲ್ಲಿ ₹1,000 ಇದೆ. ಗಂಡ ಹೆಂಡತಿ ಬೇರೆಬೇರೆ ಎಟಿಎಂಗಳಲ್ಲಿ ಒಂದೇ ಕ್ಷಣಕ್ಕೆ ₹800 ಕೇಳಿದರೆ? ಎರಡೂ ಕಡೆ ಪ್ರೋಗ್ರಾಂ ‘ಹಣವಿದೆ’ ಎಂದುಕೊಂಡರೆ ಲೆಕ್ಕ ಕೆಟ್ಟಿತು. ಇಂಥ ದೋಷ ಎಷ್ಟು ಪರೀಕ್ಷಿಸಿದರೂ ಅಡಗಿರಬಲ್ಲದು. 1986ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಥೆರಾಕ್–25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಇಂಥದ್ದೇ ದೋಷದಿಂದ ಇಬ್ಬರು ರೋಗಿಗಳು ಸತ್ತರು.

ಒಬ್ಬರು ಬದಲಿಸುತ್ತಿರುವ ಮಾಹಿತಿಯನ್ನು ಅದೇ ಹೊತ್ತಿಗೆ ಇನ್ನೊಬ್ಬರು ಮುಟ್ಟದಂತೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ನಿಯಮ ಹಾಕುತ್ತದೆ. ಆ ನಿಯಮ ಗಟ್ಟಿಯೇ? ಜರ್ಮನಿಯ ಸಾರ್‌ಬ್ರೂಕನ್‌ನಲ್ಲಿ ಪಿಎಚ್‌.ಡಿ ಮಾಡುತ್ತಿದ್ದ ರಾಲ್ಫ್ ಯುಂಗ್ ಗಣಿತದಿಂದ ಅದನ್ನು ಸಾಬೀತುಪಡಿಸಲು ಹೊರಟರು. 2017ರಲ್ಲಿ ರಸ್ಟ್‌ನದೇ ಲೈಬ್ರರಿಯಲ್ಲಿ, ಮಾಹಿತಿಗೆ ಬೀಗ ಹಾಕುವ ಭಾಗದಲ್ಲೇ ಅವರಿಗೆ ದೋಷ ಸಿಕ್ಕಿತು, ಅದನ್ನು ತಿದ್ದಲಾಯಿತು.

‘ಓಡುತ್ತಿದೆಯಲ್ಲ, ಸಾಕು’ ಎನ್ನದೆ ‘ಯಾಕೆ ಸರಿ?’ ಎಂದು ಕೇಳುವವರೂ ಬೇಕು.