ಹಸಿರುಗಟ್ಟಿದ ಈಜುಕೊಳ: ಕ್ಲೋರಿನ್ನಿನ ಕೆಲಸ, ಮರಳಿನ ಕೆಲಸ

ಹಳೆ ಗೋವಾದಿಂದ ಫೋಂಡಾಕ್ಕೆ ಸಾಗುವ ಹೆದ್ದಾರಿಯಲ್ಲಿ, ಬಾಣಸ್ತಾರಿ ಸೇತುವೆಗೆ ಮುನ್ನ ಸಿಗುವ ಕೊರ್ಲಿಮ್ ಮತ್ತು ಅದರ ಸುತ್ತಲಿನ ತಿಸ್ವಾಡಿ ತಾಲೂಕಿನಲ್ಲಿ ಒಂದು ಮುಂಗಾರಿಗೆ ಬೀಳುವ ಮಳೆಯ ಪ್ರಮಾಣ ಸುಮಾರು 3,000 ಮಿಲಿಮೀಟರ್, ಅಂದರೆ 3 ಮೀಟರ್. ಸರಾಸರಿ 1.5 ಮೀಟರ್ ಆಳದ, ಮೇಲ್ಛಾವಣಿಯಿಲ್ಲದ ಈಜುಕೊಳವೊಂದನ್ನು ಇಲ್ಲಿ ಊಹಿಸಿಕೊಂಡರೆ, ಅದು ಹಿಡಿಯಬಲ್ಲ ನೀರಿನ ಎರಡು ಪಟ್ಟು ನೀರು ನಾಲ್ಕೇ ತಿಂಗಳಲ್ಲಿ ಆಕಾಶದಿಂದ ಅದರೊಳಕ್ಕೆ ಬಿದ್ದು, ಕೊಳದಲ್ಲಿ ಕರಗಿದ್ದ ರಾಸಾಯನಿಕಗಳನ್ನು ಹೊತ್ತುಕೊಂಡು ಅಂಚಿನಿಂದ ಹೊರಚೆಲ್ಲುತ್ತದೆ. ಈಜುವವರಿಲ್ಲವೆಂದು ಪಂಪನ್ನೂ ಇದೇ ತಿಂಗಳುಗಳಲ್ಲಿ ನಿಲ್ಲಿಸುವ ರೂಢಿ ಇರುವೆಡೆ, ಸೆಪ್ಟೆಂಬರಿನ ಬಿಸಿಲು ಮೂಡುವ ಹೊತ್ತಿಗೆ ನೀರು ಹಸಿರಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಹಸಿರು ಪಾಚಿಯದು. ಗಾಳಿ, ಮಳೆಹನಿ, ಎಲೆ, ಹಕ್ಕಿಯ ಕಾಲು ಇವುಗಳ ಮೂಲಕ ಪಾಚಿಯ ಸೂಕ್ಷ್ಮ ಕೋಶಗಳು ಪ್ರತಿಯೊಂದು ಕೊಳಕ್ಕೂ ದಿನವೂ ಬಂದು ಸೇರುತ್ತವೆಯಾದ್ದರಿಂದ, ಅವು ಬಾರದಂತೆ ತಡೆಯುವುದು ಸಾಧ್ಯವಿಲ್ಲ. ಬಂದವು ವಂಶ ಬೆಳೆಸುವ ಮೊದಲೇ ಸಾಯುವಂತೆ ನೀರಿನಲ್ಲಿ ಸಾಕಷ್ಟು ಕ್ಲೋರಿನ್ ಇರಿಸುವುದಷ್ಟೇ ಸಾಧ್ಯ. ಕ್ಲೋರಿನ್ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಾವೇಶವಿಲ್ಲದ ಹೈಪೋಕ್ಲೋರಸ್ ಆಮ್ಲವು ಕೋಶದ ಹೊರಪೊರೆಯನ್ನು ಸುಲಭವಾಗಿ ದಾಟಿ ಒಳಗಿನ ಕಿಣ್ವಗಳನ್ನು ಹಾಳುಗೆಡವುತ್ತದೆ. ಋಣಾವೇಶವುಳ್ಳ ಹೈಪೋಕ್ಲೋರೈಟ್ ಅಯಾನಿಗೆ ಅಂಥ ಪ್ರವೇಶ ಸುಲಭವಲ್ಲ. ಇವೆರಡರ ಪಾಲನ್ನು ನಿರ್ಧರಿಸುವುದು ನೀರಿನ ಆಮ್ಲೀಯತೆಯ ಅಳತೆಯಾದ ಪಿಎಚ್. ಪಿಎಚ್ 7.5ರ ಆಸುಪಾಸಿನಲ್ಲಿ ಅವು ಸಮಸಮವಾಗಿದ್ದು, 8ಕ್ಕೆ ಏರಿದಾಗ ಪರಿಣಾಮಕಾರಿ ರೂಪ ಕಾಲು ಭಾಗಕ್ಕೆ ಇಳಿಯುತ್ತದೆ. ಪಾಚಿ ದ್ಯುತಿಸಂಶ್ಲೇಷಣೆಗಾಗಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ತಾನಾಗಿಯೇ ಮೇಲೇರುತ್ತದೆ. ಅಂದರೆ ಒಮ್ಮೆ ನೆಲೆಯೂರಿದ ಪಾಚಿಯು ತನ್ನನ್ನು ಕೊಲ್ಲಬೇಕಾದ ಔಷಧವನ್ನೇ ದುರ್ಬಲಗೊಳಿಸುತ್ತ ಬೆಳೆಯುತ್ತದೆ. ಮೊದಲ ಮಸುಕು ಕಂಡ ದಿನವೇ ಎಚ್ಚೆತ್ತುಕೊಳ್ಳಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಬಿಸಿಲಿನ ನೇರಳಾತೀತ ಕಿರಣಗಳು ರಕ್ಷಣೆಯಿಲ್ಲದ ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ನಾಶಮಾಡುತ್ತವೆ. ಇದನ್ನು ತಡೆಯಲು ಸಯನ್ಯೂರಿಕ್ ಆಮ್ಲವೆಂಬ ಸ್ಥಿರಕಾರಿಯನ್ನು ಲೀಟರಿಗೆ 30ರಿಂದ 50 ಮಿಲಿಗ್ರಾಂ ಮಟ್ಟದಲ್ಲಿ ಬಳಸುತ್ತಾರೆ. ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಪೇಟೆಯಲ್ಲಿ ಸಿಗುವ ಟ್ರೈಕ್ಲೋರ್ ಬಿಲ್ಲೆಗಳಲ್ಲಿ ಈ ಸ್ಥಿರಕಾರಿ ಅಡಕವಾಗಿಯೇ ಇದ್ದು, ಪ್ರತಿ 10 ಮಿಲಿಗ್ರಾಂ ಕ್ಲೋರಿನ್ನಿನ ಜೊತೆ ಸುಮಾರು 6 ಮಿಲಿಗ್ರಾಂನಷ್ಟು ನೀರಿಗೆ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸ್ಥಿರಕಾರಿ ಉಳಿಯುತ್ತದೆ. ಹೀಗಾಗಿ ಬೇಸಿಗೆಯುದ್ದಕ್ಕೂ ಬಿಲ್ಲೆಗಳನ್ನೇ ನಂಬಿದ ಕೊಳದಲ್ಲಿ ಮೇ ತಿಂಗಳಿಗೆ ಸ್ಥಿರಕಾರಿ ಅತಿಯಾಗಿ, ಪರೀಕ್ಷೆಯಲ್ಲಿ ಕ್ಲೋರಿನ್ ಕಂಡರೂ ಅದು ಕೆಲಸಕ್ಕೆ ಬಾರದಂತಾದರೆ, ಅದೇ ಕೊಳದಲ್ಲಿ ಮಳೆಗಾಲದ ಕೊನೆಗೆ ಸ್ಥಿರಕಾರಿ ತೊಳೆದುಹೋಗಿ, ಹಾಕಿದ ಕ್ಲೋರಿನ್ ಮಧ್ಯಾಹ್ನದೊಳಗೆ ಮಾಯವಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಕಣ್ಣಿಗೆ ಕಾಣುವುದು ಒಂದೇ ಹಸಿರು, ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದ ಪರೀಕ್ಷಾ ಕಿಟ್ಟಿಲ್ಲದೆ ಔಷಧ ಸುರಿಯುವುದು ನಿರರ್ಥಕ.

ನುರಿತ ಸಿಬ್ಬಂದಿಯಿದ್ದ ಕಡೆಯಲ್ಲೂ ಈ ಸಮತೋಲನ ಕೆಡುತ್ತದೆ. 2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನ ಡೈವಿಂಗ್ ಕೊಳ ಹಸಿರಾದಾಗ, 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ್ದರಿಂದ ಕ್ಲೋರಿನ್ ನಿಷ್ಕ್ರಿಯವಾಯಿತೆಂದು ಸಂಘಟಕರು ವಿವರಿಸಿದರು. ಪಕ್ಕದ ಕೊಳದ ನೀರನ್ನು ಪೂರ್ತಿ ಬದಲಾಯಿಸಬೇಕಾಯಿತು.

ಕೊರ್ಲಿಮ್‌ನಂಥ ಊರಿನಲ್ಲಿ ಮಳೆಗಾಲದಲ್ಲಿ ಕೊಳವನ್ನು ಖಾಲಿಮಾಡುವುದು ಅಪಾಯಕರ, ಏಕೆಂದರೆ ನೆಲದೊಳಗಿನ ನೀರಿನ ಮಟ್ಟ ಮೇಲಿರುವಾಗ ಬರಿದಾದ ತೊಟ್ಟಿಯನ್ನು ಕೆಳಗಿನ ಒತ್ತಡವು ಎತ್ತಿ ಬಿರುಕುಬಿಡಿಸಬಹುದು. ನೀರನ್ನು ಉಳಿಸಿಕೊಂಡೇ ಶುದ್ಧಗೊಳಿಸಲು, ಮೊದಲು ಎಲೆಕಸವನ್ನು ಬಲೆಯಿಂದ ತೆಗೆದು, ಪಿಎಚ್ಚನ್ನು 7.2ರ ಸಮೀಪಕ್ಕೆ ಇಳಿಸಿ, ಗೋಡೆ ಮತ್ತು ತಳವನ್ನು ಬ್ರಷ್‌ನಿಂದ ಬಲವಾಗಿ ಉಜ್ಜಬೇಕು. ಲೋಳೆಯ ಪದರದಡಿ ಅಡಗಿದ ಪಾಚಿಗೆ ಕ್ಲೋರಿನ್ ತಲುಪುವುದು ಹಾಗೆ ಉಜ್ಜಿದಾಗ ಮಾತ್ರ. ಬಳಿಕ ಸಂಜೆಯ ಹೊತ್ತಿನಲ್ಲಿ ಹೆಚ್ಚಿನ ಪ್ರಮಾಣದ ಕ್ಲೋರಿನ್ ನೀಡಬೇಕು. 10 ಮೀಟರ್ ಉದ್ದ, 5 ಮೀಟರ್ ಅಗಲ, 1.5 ಮೀಟರ್ ಆಳದ ಕೊಳದಲ್ಲಿ 75,000 ಲೀಟರ್ ನೀರಿದ್ದು, ಅದರ ಕ್ಲೋರಿನ್ ಮಟ್ಟವನ್ನು ಲೀಟರಿಗೆ 10 ಮಿಲಿಗ್ರಾಂ ಏರಿಸಲು 750 ಗ್ರಾಂ ಕ್ಲೋರಿನ್ ಬೇಕು. ಶೇಕಡಾ 30ರ ಬ್ಲೀಚಿಂಗ್ ಪುಡಿಯಾದರೆ ಇದು ಎರಡೂವರೆ ಕಿಲೋ. ಕರಾವಳಿಯ ತೇವದಲ್ಲಿ ಬಹುಕಾಲ ಬಿದ್ದಿದ್ದ ಪುಡಿಯ ಸತ್ವ ಕುಂದಿರುವುದರಿಂದ ಲೆಕ್ಕ ತಪ್ಪುವುದುಂಟು. ಬ್ಲೀಚಿಂಗ್ ಪುಡಿಯನ್ನು ಟ್ರೈಕ್ಲೋರ್ ಜೊತೆಗಾಗಲಿ ಆಮ್ಲದ ಜೊತೆಗಾಗಲಿ ಎಂದೂ ಬೆರೆಸಕೂಡದು; ಮೊದಲನೆಯದು ಸ್ಫೋಟಕ್ಕೆ, ಎರಡನೆಯದು ವಿಷಾನಿಲಕ್ಕೆ ದಾರಿ. ರಾತ್ರಿ ಅಳೆದ ಕ್ಲೋರಿನ್ ಬೆಳಗಿನವರೆಗೂ ಬಹುಪಾಲು ಉಳಿದಿದ್ದರೆ ಅದನ್ನು ತಿನ್ನುವ ಜೀವರಾಶಿ ಸತ್ತಿದೆಯೆಂದು ತಿಳಿಯಬಹುದು.

ಸತ್ತ ಪಾಚಿ ನೀರನ್ನು ಹಾಲುಬಿಳುಪಾಗಿಸಿ ತೇಲುತ್ತಿರುತ್ತದೆ. ಇಲ್ಲಿಂದ ಮುಂದಿನದು ಮರಳು ಶೋಧಕದ, ಅಂದರೆ ಸ್ಯಾಂಡ್ ಫಿಲ್ಟರಿನ ಕೆಲಸ. ತಿಸ್ವಾಡಿಗೆ ಕುಡಿಯುವ ನೀರು ಒದಗಿಸುವ, ಖಾಂಡೇಪಾರ್ ನದಿ ದಂಡೆಯ ಓಪಾ ಘಟಕದಂಥ ದೊಡ್ಡ ಸ್ಥಾವರಗಳಲ್ಲಿ ಬಳಕೆಯಲ್ಲಿರುವ ತತ್ವವೇ ಈ ಪುಟ್ಟ ತೊಟ್ಟಿಯಲ್ಲೂ ಇದೆ. ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಮರಳಿನ ಕಣಗಳ ನಡುವಿನ ಸಂದುಗಳು ಪಾಚಿಯ ಕೋಶಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಆದರೂ ಕೋಶಗಳು ಸಿಕ್ಕಿಬೀಳುವುದು, ಅಂಕುಡೊಂಕಾದ ಹಾದಿಯಲ್ಲಿ ಮತ್ತೆ ಮತ್ತೆ ಕಣಗಳಿಗೆ ತಾಗಿ ಅಂಟಿಕೊಳ್ಳುವುದರಿಂದ. ಕೋಶ ಮತ್ತು ಮರಳು ಎರಡಕ್ಕೂ ಋಣಾವೇಶವಿದ್ದು ಒಂದನ್ನೊಂದು ದೂಡುವುದರಿಂದ, ಪಟಿಕದಂಥ ಅಲ್ಯೂಮಿನಿಯಂ ಲವಣವನ್ನು ಕೊಂಚ ಸೇರಿಸಿದಾಗ ಆವೇಶ ತಗ್ಗಿ, ಕೋಶಗಳು ಗಂಟುಗೂಡುತ್ತವೆ. ತಳಕ್ಕಿಳಿದ ದಪ್ಪ ಗಷ್ಟನ್ನು ಮಾತ್ರ ಶೋಧಕದ ಮೂಲಕ ಹಾಯಿಸದೆ, ವಾಲ್ವನ್ನು ‘ವೇಸ್ಟ್’ ಸ್ಥಾನಕ್ಕೆ ತಿರುಗಿಸಿ ನೇರವಾಗಿ ಹೊರಗೆಳೆಯಬೇಕು.

ಗಂಟೆಗೆ 10,000 ಲೀಟರ್ ಹರಿಸುವ ಪಂಪು ಮೇಲಿನ ಕೊಳದಷ್ಟು ನೀರನ್ನು ಏಳೂವರೆ ಗಂಟೆಯಲ್ಲಿ ದಾಟಿಸುತ್ತದೆಯಾದರೂ, ಸೋಸಿದ ನೀರು ಸೋಸದ ನೀರಿನಲ್ಲೇ ಬೆರೆಯುವುದರಿಂದ ಮೊದಲ ಸುತ್ತಿನಲ್ಲಿ ಶೋಧಕ ಹಾಯ್ದಿರುವುದು ಸುಮಾರು ಶೇಕಡಾ 63 ಭಾಗವಷ್ಟೇ. ಶೇಕಡಾ 95 ತಲುಪಲು ಮೂರು ಸುತ್ತು ಬೇಕು. ಪಾಚಿ ತೆಗೆಯುವ ದಿನಗಳಲ್ಲಿ ಪಂಪನ್ನು ಹಗಲಿರುಳೂ ಓಡಿಸಬೇಕೆನ್ನುವುದು ಇದೇ ಲೆಕ್ಕದಿಂದ.

ಕಸ ತುಂಬಿದಂತೆ ಒತ್ತಡ ಮಾಪಕದ ಮುಳ್ಳು ಮೇಲೇರುತ್ತದೆ. ಶುದ್ಧಸ್ಥಿತಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ 0.5ರಿಂದ 0.7 ಕಿಲೋಗ್ರಾಂ ಹೆಚ್ಚಾದಾಗ, ಪಂಪು ನಿಲ್ಲಿಸಿ, ವಾಲ್ವ್ ತಿರುಗಿಸಿ, ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುವ ಬ್ಯಾಕ್‌ವಾಶ್ ಮಾಡಬೇಕು. ಮರಳಿನ ಹಾಸು ಸಡಿಲಗೊಂಡು, ಕಣಗಳು ಪರಸ್ಪರ ಉಜ್ಜಿಕೊಂಡು ಕೊಳೆ ಬಿಡುತ್ತವೆ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ, ಸಾಮಾನ್ಯವಾಗಿ ಎರಡು ಮೂರು ನಿಮಿಷ ಇದು ನಡೆದು, ಅನಂತರ ಅರ್ಧ ನಿಮಿಷದ ‘ರಿನ್ಸ್’ ಆಗಬೇಕು. ದಿನವೂ ಬ್ಯಾಕ್‌ವಾಶ್ ಮಾಡುವುದು ಶ್ರದ್ಧೆಯಂತೆ ಕಂಡರೂ ಹಾನಿಕರ. ತುಸು ಕೊಳೆ ಹಿಡಿದ ಮರಳೇ ಹೊಸ ಮರಳಿಗಿಂತ ನವಿರಾಗಿ ಸೋಸುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆರೆದು, ಈಜುವವರ ಮೈಯೆಣ್ಣೆ ಮತ್ತು ಸುಣ್ಣದಿಂದ ಮರಳು ಗಡ್ಡೆಗಟ್ಟಿದೆಯೇ, ನೀರು ಸೋಸದೆ ನುಸುಳುವ ಕಾಲುದಾರಿಗಳಾಗಿವೆಯೇ ಎಂದು ನೋಡಬೇಕು. ಕೊಳದೊಳಗೆ ಮರಳು ಕಂಡರೆ ಶೋಧಕದ ತಳದ ಸೀಳುಕೊಳವೆ ಒಡೆದಿರುವ ಸಂಭವವಿದೆ. ಐದರಿಂದ ಏಳು ವರ್ಷಕ್ಕೆ ಮರಳು ಬದಲಿಸುವಾಗ, ಚಿಪ್ಪಿನ ಚೂರಿರುವ ಕಡಲ ಮರಳನ್ನಾಗಲಿ ಜೇಡಿಬೆರೆತ ಹೊಳೆಯ ಮರಳನ್ನಾಗಲಿ ಬಳಸದೆ, ಜರಡಿ ಹಿಡಿದ ಸಿಲಿಕಾ ಮರಳನ್ನೇ ತರಿಸಿ, ಕೊಳವೆಗಳಿಗೆ ಪೆಟ್ಟಾಗದಂತೆ ತೊಟ್ಟಿಯಲ್ಲಿ ಅರ್ಧ ನೀರು ತುಂಬಿದ ಮೇಲೆ ಸುರಿಯಬೇಕು.

ಒಂದು ಬ್ಯಾಕ್‌ವಾಶಿಗೆ ಹೊರಬೀಳುವ ನೀರು ಸುಮಾರು 500 ಲೀಟರ್. ಕೊರ್ಲಿಮ್‌ನ ಒಂದು ಪಕ್ಕದಲ್ಲಿ ನೀರುಹಕ್ಕಿಗಳ ಕರಂಬೊಳಿ ಕೆರೆ, ಇನ್ನೊಂದು ಪಕ್ಕದಲ್ಲಿ ಮೊಸಳೆಗಳಿರುವ ಕುಂಬಾರ್‌ಜುವಾ ಕಾಲುವೆ ಇರುವುದರಿಂದ, ಈ ನೀರನ್ನು ಚರಂಡಿಗೆ ಬಿಡುವ ಮುನ್ನ ತೆರೆದ ಗುಂಡಿಯಲ್ಲಿ ಒಂದೆರಡು ದಿನ ಬಿಸಿಲಿಗಿಟ್ಟು, ಪರೀಕ್ಷಾ ಕಿಟ್ಟಿನಿಂದ ಕ್ಲೋರಿನ್ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವೂ ಪಾಚಿಯನ್ನು ಕೊಲ್ಲಬಲ್ಲದು. ಆದರೆ ಅದರ ತಾಮ್ರ ಬಿಸಿಲಿಗೆ ನಾಶವಾಗುವುದಿಲ್ಲ, ಮೀನು ಮತ್ತು ಬಸವನಹುಳುಗಳಿಗೆ ವಿಷ, ಕೊಳದ ಗೋಡೆಗೂ ಕಲೆ ಹಿಡಿಸುತ್ತದೆ. ಇಂಥ ನೆಲದಲ್ಲಿ ಅದನ್ನು ಈಜುಕೊಳಕ್ಕೆ ಬಳಸದಿರುವುದೇ ಸರಿ.